ಕ್ಷೇತ್ರ: ಸಿರುಗುಪ್ಪ

ಬಳ್ಳಾರಿಯ ಒಂದು ದಿನಪತ್ರಿಕೆ ಪ್ರತಿ ವರ್ಷ ಡಿಸೆಂಬರ್ ಮೂವತ್ತೊಂದರಂದು ಇಡೀ ಒಂದು ಪುಟವನ್ನು ಸತ್ತವರಿಗೆ ಬಿಟ್ಟುಕೊಡುತ್ತದೆ. ಸತ್ತವರಿಗೆಲ್ಲ ಅಲ್ಲ, ಗಣ್ಯರಿಗೆ ಮಾತ್ರ. ಮೇಲೆ ‘ಈ ವರ್ಷ ನಮ್ಮನ್ನಗಲಿದ ವಿವಿಧ ಕ್ಷೇತ್ರಗಳ ಗಣ್ಯರು’ ಎಂಬ ತಲೆಬರಹ, ಎರಡೂ ಬದಿಗೆ ಉರಿಯುವ ದೀಪದ ಚಿತ್ರ, ಕೆಳಗೆ ಅಂಚೆಚೀಟಿಯಷ್ಟಗಲದ ಫೋಟೋಗಳು. ಹಾರ್ಮೋನಿಯಂ ಮಾಸ್ತರರ ಪಕ್ಕ ಕಣ್ಣಿನ ಡಾಕ್ಟರು, ಅವರ ಪಕ್ಕ ಪೈಲ್ವಾನರು, ಅವರ ಕೆಳಗೆ ಮಾಜಿ ಶಾಸಕರು. ಬದುಕಿದ್ದಾಗ ಇವರು ಒಬ್ಬರ ಮನೆಯ ಕಡೆ ಒಬ್ಬರು ತಲೆ ಹಾಕಿ ಮಲಗಿದವರಲ್ಲ. ಒಂದೇ ವರ್ಷ ಸತ್ತ ಪುಣ್ಯಕ್ಕೆ ಒಂದೇ ಹಾಳೆಯಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಕೂತಿರುತ್ತಾರೆ.

ಸಿರುಗುಪ್ಪದ ಹಂಪಮ್ಮನಿಗೆ ಆ ಪುಟದಲ್ಲಿ ತನ್ನ ಗಂಡ ಮಾರೆಣ್ಣನ ಹೆಸರು ಬರಬೇಕಾಗಿತ್ತು. ಬರೀ ಹೆಸರಲ್ಲ. ಆತ ಮಾಡಿದ ಕೆಲಸ ಏನು ಅನ್ನುವುದು ಹೆಸರಿನ ಪಕ್ಕದಲ್ಲೇ ಇರಬೇಕಾಗಿತ್ತು. ಅರವತ್ತೆರಡು ವರ್ಷದ ಆ ಹೆಂಗಸು ಜನ್ಮದಲ್ಲಿ ಸರ್ಕಾರವನ್ನಾಗಲಿ ನೆಂಟರನ್ನಾಗಲಿ ಇದು ಬೇಕು ಅದು ಬೇಕು ಅಂತ ಕೇಳಿದವಳಲ್ಲ. ಇದೊಂದನ್ನು ಕೇಳಿದಳು.

ಮಾರೆಣ್ಣನ ಊರು ಸಂಗನಕಲ್ಲು. ಮೀಸೆ ಮೂಡುವ ಮೊದಲೇ ಊರ ಪಕ್ಕದ ಗುಡ್ಡದಲ್ಲಿ ನೆಲ ಅಗೆಯುವ ಕೂಲಿಗೆ ಹೋದವನು. ಬಾವಿಗಾಗಿ ಅಗೆಯುವುದಲ್ಲ, ಹಳೇ ಕಾಲದ ಮನುಷ್ಯರ ಗುರುತು ಹುಡುಕಲು ಅಗೆಯುವುದು. ಅದಕ್ಕೆ ಒಬ್ಬ ಪ್ರೊಫೆಸರು ಬಂದಿದ್ದರು. ಮೊದಲ ವರ್ಷ ಮಾರೆಣ್ಣ ಮಣ್ಣಿನ ಬುಟ್ಟಿ ಹೊತ್ತ. ಮೂರನೇ ವರ್ಷ ಆತನ ಕೈಗೆ ಬ್ರಷ್ಷು ಬಂತು. ಗುದ್ದಲಿ ತಾಗಿದ ಸದ್ದಿನಲ್ಲೇ ಕೆಳಗೆ ಬೂದಿ ಇದೆಯೋ ಗಟ್ಟಿ ನೆಲ ಇದೆಯೋ ಹೇಳುತ್ತಿದ್ದ. ಗುಡ್ಡದ ತುಂಬ ಬಿದ್ದ ಕಲ್ಲುಗಳಲ್ಲಿ ಯಾವುದನ್ನು ಮನುಷ್ಯ ಉಜ್ಜಿ ಕೊಡಲಿ ಮಾಡಿದ್ದ, ಯಾವುದು ದೇವರು ಸುಮ್ಮನೆ ಎಸೆದು ಹೋದದ್ದು ಎಂದು ನಿಂತ ನಿಲುವಿನಲ್ಲೇ ಬೇರೆ ಮಾಡುತ್ತಿದ್ದ. ದೇವರ ವಿಷಯದಲ್ಲಿ ಆತನಿಗೆ ಅಂಥ ಗೌರವವೇನೂ ಇರಲಿಲ್ಲ. ನಿಟ್ಟೂರಿನಲ್ಲಿ ಅಶೋಕನ ಅಕ್ಷರ ಇರುವ ಬಂಡೆ ನೋಡಿ ಬಂದ ಮೇಲೆ, ಹುಟ್ಟಿದ ಮಗಳಿಗೆ ಸಂಘಮಿತ್ರಾ ಎಂದು ಹೆಸರಿಟ್ಟ. ಮುಂದೆ ಬುದ್ಧಪೂರ್ಣಿಮೆಯ ದಿನ ಬಳ್ಳಾರಿಯಲ್ಲಿ ಹೆಂಡತಿ ಮಗಳ ಸಮೇತ ಬೌದ್ಧನಾದ.

ಒಂದು ಬೇಸಿಗೆಯಲ್ಲಿ ಮಾರೆಣ್ಣ ಕೆಲಸ ನಿಲ್ಲಿಸಿ, ಯಾರೂ ಗುದ್ದಲಿ ಹಾಕಬೇಡಿ ಅಂದ. ಯಾಕೆಂದು ಕೇಳಿದರೆ ಗೊತ್ತಿಲ್ಲ, ಮಣ್ಣು ಬೇರೆ ಥರ ಇದೆ ಅಂದ. ಪ್ರೊಫೆಸರು ಆವತ್ತು ಬಳ್ಳಾರಿಯಲ್ಲಿದ್ದರು. ಮಾರೆಣ್ಣ ಮೂರು ದಿನ ಬೋರಲು ಬಿದ್ದು ಬ್ರಷ್ಷಿನಿಂದ ಒಬ್ಬನೇ ಬಿಡಿಸಿದ. ಒಂದು ಮಡಕೆ, ಅದರೊಳಗೆ ಕಾಲು ಮಡಚಿ ಮಲಗಿಸಿದ ಕೂಸಿನ ಎಲುಬು ಕಂಡವು. ನಾಲ್ಕು ಸಾವಿರ ವರ್ಷದ ಹಿಂದಿನ ಕೂಸು. ಆ ಸಂಜೆ ಮಾರೆಣ್ಣ ಮನೆಗೆ ಬಂದವನು ರೊಟ್ಟಿ ಮುಟ್ಟಲಿಲ್ಲ. ‘ಯಾರೋ ಅವ್ವ ಇಟ್ಟು ಹೋಗ್ಯಾಳ ಹಂಪಿ, ಬಾಳ ಜ್ವಾಪಾನ ಇಟ್ಟಾಳ’ ಅಂದ. ಆ ಕೂಸಿನಿಂದ ಪ್ರೊಫೆಸರ ಹೆಸರು ಎಲ್ಲೆಲ್ಲಿಗೋ ಹೋಯಿತು. ಪುಸ್ತಕ ಬಂತು. ಪುಸ್ತಕದಲ್ಲಿ ‘ಸ್ಥಳೀಯ ಕೂಲಿಕಾರರ ನೆರವಿನಿಂದ’ ಎಂದು ಒಂದು ಸಾಲು ಇತ್ತು. ನೆರವಂತೆ. ಮೂರು ದಿನ ಹೊಟ್ಟೆಯ ಮೇಲೆ ಮಲಗಿದವನದು ನೆರವು, ನಾಲ್ಕನೇ ದಿನ ಜೀಪಿನಲ್ಲಿ ಬಂದವರದು ಸಂಶೋಧನೆ.

ಅಗೆತ ನಿಂತ ಮೇಲೆ ಗಂಡಹೆಂಡತಿ ಹಂಪಮ್ಮನ ತವರು ಸಿರುಗುಪ್ಪಕ್ಕೆ ಬಂದರು. ಹಂಪಮ್ಮ ಅಕ್ಕಿ ಗಿರಣಿಗೆ ಹೋದಳು, ಸಂಘಮಿತ್ರಾ ಓದಿ ಅಲ್ಲಿಯದೇ ಒಂದು ಶಾಲೆಯಲ್ಲಿ ಟೀಚರ್ ಆದಳು. ಹಂಪಮ್ಮ ಆ ಪುಟ ಕೇಳಿದ ವರ್ಷದ ಮೇ ತಿಂಗಳಲ್ಲಿ ಪ್ರೊಫೆಸರು ಬಳ್ಳಾರಿ ಕಂಟೋನ್ಮೆಂಟಿನ ತಮ್ಮ ಮನೆಯಲ್ಲಿ ತೀರಿಕೊಂಡರು. ಪತ್ರಿಕೆಗಳಲ್ಲಿ ಮೂರು ದಿನ ಅವರದೇ ಸುದ್ದಿ. ಅವರ ಬಗ್ಗೆ ಬಂದದ್ದನ್ನೆಲ್ಲ ಮಾರೆಣ್ಣ ಓದಿಸಿಕೊಂಡು ಕೇಳಿದ, ‘ದೊಡ್ಡ ಮನಸಿನ ಮನಿಷಾ’ ಅಂದ. ಜೂನ್ ಹತ್ತನೇ ತಾರೀಖು ತಾನೂ ಹೋದ. ಪುಪ್ಪುಸದ ತುಂಬ ಧೂಳು ಕೂತಿತ್ತು ಎಂದು ಡಾಕ್ಟರು ಹೇಳಿದರು. ಆತನ ಸುದ್ದಿ ಓಣಿ ದಾಟಲಿಲ್ಲ.

ಹಂಪಮ್ಮನಿಗೆ ಅಕ್ಷರ ಬಂದದ್ದು ಮಗಳು ಎರಡನೇ ಇಯತ್ತೆಯಲ್ಲಿದ್ದಾಗ, ಆಕೆಯ ಜೊತೆ ಕೂತು. ಅಂಗಡಿ ಬೋರ್ಡು, ಬಸ್ಸಿನ ಹಲಗೆ, ಓಟಿನ ಚೀಟಿ ಓದುತ್ತಾಳೆ. ನವೆಂಬರಿನಲ್ಲಿ ಒಂದು ದಿನ ಗಿರಣಿಯ ಆಫೀಸಿನಲ್ಲಿ ಹಳೇ ಪತ್ರಿಕೆಯ ಆ ಪುಟ ಆಕೆಯ ಕಣ್ಣಿಗೆ ಬಿತ್ತು. ಮನೆಗೆ ತಂದು ಮಗಳ ಮುಂದೆ ಹಿಡಿದಳು.

‘ಈ ಪುಟದಾಗ ನಿಮ್ಮಪ್ಪನ್ನ ಹಾಕಿಸಬೇಕು.’

‘ಅವ್ವ, ಇದು ಗಣ್ಯರದು.’

‘ಗಣ್ಯರು ಅಂದ್ರ?’

ಮಕ್ಕಳಿಗೆ ಪಾಠ ಹೇಳುವ ಸಂಘಮಿತ್ರಾಳಿಗೂ ಆ ಶಬ್ದ ಬಿಡಿಸಿ ಹೇಳುವುದು ಸುಲಭವಾಗಲಿಲ್ಲ. ‘ಲೆಕ್ಕಕ್ಕ ಹಿಡಿಯೋ ಮಂದಿ’ ಅಂದಳು.

‘ಹಂಗಾರ ಹಿಡೀಲಿ’ ಅಂದಳು ಹಂಪಮ್ಮ.

ಪತ್ರಿಕೆಯ ಆಫೀಸು ಕಂಟೋನ್ಮೆಂಟಿನಲ್ಲಿ, ಹಳೇ ಬಂಗಲೆಯೊಂದರ ಹಿಂಭಾಗದಲ್ಲಿತ್ತು. ಆ ಪುಟ ನೋಡಿಕೊಳ್ಳುವವನು ದೊಡ್ಡಬಸವರಾಜ ಎಂಬ ಉಪಸಂಪಾದಕ. ಹನ್ನೊಂದು ವರ್ಷದಿಂದ ಸತ್ತವರ ಪುಟ ಮಾಡಿ ಮಾಡಿ, ಯಾರಾದರೂ ಕೆಮ್ಮಿದರೂ ಮನಸ್ಸಿನಲ್ಲೇ ಫೋಟೋ ಅಳತೆ ತೆಗೆದುಕೊಳ್ಳುವ ಹಂತಕ್ಕೆ ಬಂದಿದ್ದ. ಕೆಟ್ಟವನಲ್ಲ. ಹಂಪಮ್ಮನಿಗೆ ಕುರ್ಚಿ ಕೊಟ್ಟ, ನೀರು ಕೊಟ್ಟ, ಪೂರ್ತಿ ಕೇಳಿಸಿಕೊಂಡ.

‘ಅಮ್ಮ, ನೀವು ಹೇಳೋದು ಖರೇ ಇರಬೌದು. ಆದ್ರ ನಮಗ ಏನರ ಆಧಾರ ಬೇಕ್ರಿ. ಪ್ರಶಸ್ತಿ, ಸನ್ಮಾನ, ಪೇಪರ್ ಕಟಿಂಗು.’

‘ಸನ್ಮಾನ ಯಾರೂ ಮಾಡಿಲ್ರಿ ಸಾರ್.’

‘ಶಾಲು ಹೊದಿಸಿದ್ದೊಂದು ಫೋಟೋ?’

‘ಕಂಬಳಿ ಐತ್ರಿ. ಅದನ್ನ ನಾನಾ ಹೊದಿಸೀನಿ.’

ದೊಡ್ಡಬಸವರಾಜ ನಗಲಿಲ್ಲ. ಪುಸ್ತಕದಲ್ಲಿ ಎಲ್ಲಾದರೂ ಆತನ ಹೆಸರೋ ಚಿತ್ರವೋ ಇದ್ದರೆ ತರಲು ಹೇಳಿದ. ಡಿಸೆಂಬರ್ ಇಪ್ಪತ್ತನಾಲ್ಕು ಕೊನೆಯ ದಿನ, ಆ ಮೇಲೆ ಬಂದದ್ದನ್ನು ತೆಗೆದುಕೊಳ್ಳುವುದಿಲ್ಲ ಅಂದ.

ಪುಸ್ತಕ ಇದ್ದದ್ದು ಕುರುಗೋಡಿನ ಮೂಕಪ್ಪನ ಹತ್ತಿರ. ಮೂಕಪ್ಪ ಪ್ರೊಫೆಸರ ಜೀಪು ಓಡಿಸುತ್ತಿದ್ದವನು. ಹೆಸರು ಮೂಕಪ್ಪ, ಬಾಯಿ ಮುಚ್ಚಿದ ಇತಿಹಾಸವೇ ಇಲ್ಲ. ದೊಡ್ಡಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಹಂಪಮ್ಮ ಆತನ ಮನೆ ಹುಡುಕಿ ಹೋದಾಗ ಕಣ್ಣು ಮಂಜಾಗಿ ಕಟ್ಟೆಯ ಮೇಲೆ ಕೂತಿದ್ದ. ದನಿಯಿಂದಲೇ ಗುರುತು ಹಿಡಿದ.

‘ಬಾ ಹಂಪಕ್ಕ. ಮಾರೆಣ್ಣ ಹೋದಾಂತ ಯಾರೂ ನನಗ ತಿಳಿಸಲಿಲ್ಲ. ತಿಳಿಸಿದ್ರೂ ಈ ಕಣ್ಣಾಗ ಎಲ್ಲಿ ಬರ್ತಿದ್ದೆ ಬಿಡು.’

ಪೆಟ್ಟಿಗೆಯಿಂದ ಪುಸ್ತಕ ತೆಗೆಸಿಕೊಟ್ಟ. ಹಂಪಮ್ಮ ಹಾಳೆ ಹಾಳೆ ತಿರುವಿದಳು. ಇಂಗ್ಲಿಷ್ ಪುಸ್ತಕ, ಹೆಸರು ಹುಡುಕುವ ಹಾಗಿಲ್ಲ. ನಡುವೆ ಚಿತ್ರಗಳಿದ್ದವು. ಪ್ರೊಫೆಸರು ನಿಂತದ್ದು, ಪ್ರೊಫೆಸರು ಕೂತದ್ದು, ಪ್ರೊಫೆಸರು ತಗ್ಗಿನೊಳಗೆ ಬಗ್ಗಿ ನೋಡಿದ್ದು. ಒಂದು ಚಿತ್ರದಲ್ಲಿ ಆ ಕೂಸಿನ ಮಡಕೆ. ಮಡಕೆಯ ಪಕ್ಕ ಅಳತೆಯ ಕೋಲು. ಕೋಲು ಹಿಡಿದ ಒಂದು ಕೈ ಮೊಣಕೈವರೆಗೆ ಬಂದು, ಅಲ್ಲಿಗೆ ಚಿತ್ರ ಮುಗಿದಿತ್ತು. ಹೆಬ್ಬೆರಳಿನ ಉಗುರು ಸೀಳಿತ್ತು. ಆ ಉಗುರಿಗೆ ಆಕೆ ಎಷ್ಟು ಸಲ ಅರಿಶಿನ ಕಟ್ಟಿದ್ದಳೋ. ಹಂಪಮ್ಮ ಅಲ್ಲೇ ಕೂತು ಅತ್ತಳು.

ಆ ಪುಸ್ತಕ ಎದೆಗವಚಿಕೊಂಡು ಹಂಪಮ್ಮ ಡಿಸೆಂಬರ್ ಇಪ್ಪತ್ತನಾಲ್ಕಕ್ಕೆ ಮತ್ತೆ ಬಳ್ಳಾರಿಗೆ ಹೋದಳು. ಸಂಘಮಿತ್ರಾಳ ಶಾಲೆಯಲ್ಲಿ ಅಂದೇ ವಾರ್ಷಿಕೋತ್ಸವ. ‘ಅವ್ವ, ಏನರ ಬರಿಯೋದಿದ್ರ ಮನಿಗೆ ತಗೊಂಡು ಬಾ, ನಾನು ಬರ್ದು ಕೊಡ್ತೀನಿ’ ಎಂದು ಹೇಳಿ ಕಳಿಸಿದ್ದಳು.

ದೊಡ್ಡಬಸವರಾಜ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದ. ಕೈ ನೋಡಿದ. ಹಂಪಮ್ಮನ ಮುಖ ನೋಡಿದ. ಇದು ಆಧಾರವಲ್ಲ ಅನ್ನುವುದು ಆತನಿಗೆ ಗೊತ್ತಿತ್ತು. ಮೂರು ಫೋನು ಒಟ್ಟಿಗೆ ಹೊಡೆದುಕೊಳ್ಳುತ್ತಿದ್ದವು. ‘ಆತು ಬಿಡ್ರಿ ಅಮ್ಮ, ನಾಕು ಸಾಲು ಹಾಕೋಣ’ ಎಂದು ಒಂದು ಅರ್ಜಿ ನಮೂನೆ ಕೊಟ್ಟ. ‘ಒಂದು ಫೋಟೋ, ಗುರುತಿನ ಚೀಟಿ ಜೆರಾಕ್ಸು ಹಚ್ಚಿ, ಇಲ್ಲೇ ತುಂಬಿ ಕೊಟ್ಟುಬಿಡ್ರಿ. ಸಂಜಿಗೆ ಪೇಜ್ ಮಾಡೋ ಪ್ರದೀಪನ ಕೈಗೆ ಎಲ್ಲಾ ಹೋಗತೈತಿ. ಬರಿಯಾಕ ಯಾರನ್ನಾರ ಕರೀಲೇನು?’

‘ನನಗ ಬರತೈತ್ರಿ. ನಾನಾ ಬರೀತೀನಿ.’

ಗಂಡನ ಬಗ್ಗೆ ಮೊದಲ ಸಲ ಯಾರೋ ಬರೆಯುತ್ತಿದ್ದಾರೆ, ಅದನ್ನು ತಾನೇ ಬರೆಯುತ್ತಿದ್ದೇನೆ ಎಂಬ ಹೆಮ್ಮೆ ಆಕೆಯದು. ಆ ಹೆಮ್ಮೆಯನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಬೆಂಚಿನ ಮೇಲೆ ಕೂತು ಮೊಣಕಾಲ ಮೇಲೆ ಪುಸ್ತಕ, ಪುಸ್ತಕದ ಮೇಲೆ ಅರ್ಜಿ ಇಟ್ಟುಕೊಂಡಳು. ಮೃತರ ಹೆಸರು: ಮಾರೆಣ್ಣ. ವಯಸ್ಸು: 68. ಮರಣದ ದಿನಾಂಕವನ್ನೂ ಬರೆದಳು. ಮುಂದಿನ ಸಾಲು, ‘ಕ್ಷೇತ್ರ’.

ಈಗ ಸತ್ಯ ಹೇಳಿ, ಬಳ್ಳಾರಿ ಸೀಮೆಯಲ್ಲಿ ಕ್ಷೇತ್ರ ಅಂದರೆ ಏನು? ಐದು ವರ್ಷಕ್ಕೊಮ್ಮೆ ಮೈಕಿನಲ್ಲಿ, ಗೋಡೆಯ ಮೇಲೆ, ಕೈಮುಗಿದವರ ಬಾಯಲ್ಲಿ ಕೇಳುವ ಶಬ್ದ ಅದು. ನಮ್ಮ ಕ್ಷೇತ್ರ, ನಿಮ್ಮ ಕ್ಷೇತ್ರ, ಕ್ಷೇತ್ರದ ಜನತೆ. ವಿದ್ವಾಂಸರು ಅದನ್ನೇ ತಂದು ಕಲಾ ಕ್ಷೇತ್ರ, ಸಾಹಿತ್ಯ ಕ್ಷೇತ್ರ ಅಂತ ಹಂಚಿಕೊಂಡಿದ್ದು ಗಿರಣಿಯಲ್ಲಿ ಅಕ್ಕಿ ಕೇರುವ ಹೆಂಗಸಿಗೆ ಯಾರು ಹೇಳಬೇಕು? ಹಂಪಮ್ಮ ಅನುಮಾನ ಬೇಡವೆಂದು ಮಾರೆಣ್ಣನ ಓಟಿನ ಕಾರ್ಡು ತಿರುವಿ ನೋಡಿದಳು. ಹಿಂದೆ ‘ವಿಧಾನಸಭಾ ಕ್ಷೇತ್ರ’ ಎಂದು ಸ್ಪಷ್ಟವಾಗಿ ಇತ್ತು. ಅದರ ಮುಂದಿದ್ದುದನ್ನು ಒಂದಕ್ಷರ ತಪ್ಪದಂತೆ ಇಳಿಸಿದಳು: ಸಿರುಗುಪ್ಪ.

ಕೊನೆಯದು ‘ಸಾಧನೆ’. ಎರಡೇ ಗೆರೆ ಜಾಗ. ಆಕೆಯ ಅಕ್ಷರಗಳೋ ಒಂದೊಂದೂ ಹುಣಸೆ ಬೀಜದಷ್ಟು. ಹೇಳಬೇಕಾದ್ದು ಬಹಳ ಇತ್ತು, ಮೂರು ದಿನ ಬೋರಲು ಮಲಗಿದ್ದು, ರೊಟ್ಟಿ ಬಿಟ್ಟದ್ದು. ಯೋಚಿಸಿ ಯೋಚಿಸಿ, ಹಿಡಿಸುವಷ್ಟನ್ನು ಬರೆದಳು: ‘ಮಣ್ಣಿನ ಮಗು. ನಲವತ್ತು ವರುಷ ಕೆಲಸ.’ ಗೊತ್ತಿದ್ದವರಿಗೆ ಅಷ್ಟು ಸಾಕು ಅಂದುಕೊಂಡಳು. ಪೂರ್ತಿ ಗೊತ್ತಿದ್ದವರು, ಪ್ರೊಫೆಸರು ಮತ್ತು ಮಾರೆಣ್ಣ, ಆ ವರ್ಷ ಇಬ್ಬರೂ ಸತ್ತಿದ್ದರು.

ಓದಿ ನೋಡಲು ದೊಡ್ಡಬಸವರಾಜನಿಗೆ ಪುರುಸೊತ್ತಿರಲಿಲ್ಲ. ಅರ್ಜಿಯನ್ನು ಕಟ್ಟಿನಲ್ಲಿ ಸೇರಿಸಿದ.

ಮೂವತ್ತೊಂದರ ಬೆಳಿಗ್ಗೆ ಹಂಪಮ್ಮ ಬಸ್‌ಸ್ಟ್ಯಾಂಡಿಗೆ ಹೋಗಿ ಪತ್ರಿಕೆ ತಂದಳು. ಕೊಟ್ಟವನ ಮುಂದೆಯೇ ಪುಟ ಬಿಡಿಸಿದಳು. ಫೋಟೋ ಕಂಡಿತು. ಓಟಿನ ಕಾರ್ಡಿನದೇ ಫೋಟೋ, ಕಿವಿ ಸ್ವಲ್ಪ ಮಸಿ ಹಿಡಿದಿತ್ತು. ಕೆಳಗೆ ದಪ್ಪಕ್ಷರದಲ್ಲಿ ಮಾ-ರೆ-ಣ್ಣ. ಬೆರಳಿಟ್ಟು ಓದಿದಳು. ಆಕೆಯ ಬದುಕಿನಲ್ಲಿ ಅದಕ್ಕಿಂತ ಸುಖದ ಗಳಿಗೆ ಇನ್ನೊಂದು ಇರಲಿಲ್ಲ. ಉಳಿದ ಸಾಲುಗಳನ್ನು ಒಬ್ಬಳೇ ಓದಿ ಮುಗಿಸಬಾರದು, ಮಗಳ ಬಾಯಲ್ಲಿ ಕೇಳಬೇಕು ಎಂದು ಮಡಚಿಕೊಂಡು ಮನೆಗೆ ಬಂದಳು.

ಓಣಿಯ ತುದಿಯಲ್ಲೇ ಚಹಾದಂಗಡಿಯ ಎರ್ರಿ ಎದ್ದು ನಿಂತು ಕೈ ಮುಗಿದ. ‘ಹಂಪಮ್ಮಕ್ಕ, ಮಾರೆಣ್ಣ ಅಷ್ಟು ದೊಡ್ಡ ಮನಿಷಾ ಅಂತ ನಮಗ ಗೊತ್ತಾ ಇರಲಿಲ್ಲ ನೋಡು.’ ಆಕೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಸಂಘಮಿತ್ರಾ ಗಟ್ಟಿಯಾಗಿ ಓದಲು ಶುರು ಮಾಡಿ ಒಂದೇ ಸಾಲಿಗೆ ನಿಲ್ಲಿಸಿದಳು. ನಂತರ ದನಿ ಇಳಿಸಿ ಓದಿದಳು.

‘ರಾಜಕೀಯ. ಮಾರೆಣ್ಣ, ಅರವತ್ತೆಂಟು. ಸಿರುಗುಪ್ಪ ಕ್ಷೇತ್ರದ ಹಿರಿಯ ಮುಖಂಡರು. ಮಣ್ಣಿನ ಮಗನೆಂದೇ ಜನಪ್ರಿಯರಾಗಿದ್ದ ಇವರು ನಲವತ್ತು ವರ್ಷಗಳ ಸುದೀರ್ಘ ಕಾಲ ಜನಸೇವೆಯಲ್ಲಿ ತೊಡಗಿದ್ದರು.’

‘ಮುಂದ?’

‘ಅಷ್ಟಾ ಅವ್ವ.’

‘ಕೂಸಿಂದು?’

ಸಂಘಮಿತ್ರಾ ಪಕ್ಕದ ಸಾಲಿಗೆ ಕಣ್ಣು ಹಾಯಿಸಿದಳು. ಪುರಾತತ್ವ ಎಂಬ ಶೀರ್ಷಿಕೆಯಡಿ ಪ್ರೊಫೆಸರ ದೊಡ್ಡ ಫೋಟೋ. ಸಂಗನಕಲ್ಲಿನಲ್ಲಿ ಶಿಲಾಯುಗದ ಮಗುವಿನ ಸಮಾಧಿ ಕಂಡುಹಿಡಿದ ಕೀರ್ತಿ ಇವರದು, ಎಂದು ಓದಿದಳು.

‘ನೀನು ಅರ್ಜ್ಯಾಗ ಏನು ಬರ್ದಿದ್ದಿ?’

ಹಂಪಮ್ಮ ಹೇಳಿದಳು. ಹೇಳುತ್ತ ಹೇಳುತ್ತ ಮಗಳ ಮುಖದಲ್ಲಿ ಏನೋ ಆಗುವುದನ್ನು ಕಂಡಳು.

‘ಕ್ಷೇತ್ರ ಅಂದ್ರ ಏನಂತ ತಿಳ್ಕೊಂಡಿ ಅವ್ವ?’

‘ಓಟು ಹಾಕೋದು. ಅಲ್ಲೇನು?’

ಸಂಘಮಿತ್ರಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಾಯಿಯ ಕೈ ಹಿಡಿದುಕೊಂಡು, ನಾನು ಒಂದು ದಿನ ರಜೆ ಹಾಕಬೇಕಿತ್ತು ಅಂದಳು. ಹಂಪಮ್ಮ ಕೈ ಬಿಡಿಸಿಕೊಂಡು ಒಳಗೆ ಹೋದಳು. ಪ್ರೊಫೆಸರು ಆತನ ಹೆಸರು ಬರೆಯಲಿಲ್ಲ, ಅದು ಅವರ ಪಾಲಿನ ಪಾಪ. ಬರೆಯುವ ಪಾಳಿ ತನಗೆ ಬಂದಾಗ ತಾನು ಬರೆದದ್ದೇನು? ಗಂಡನ ಮಗುವನ್ನು ಗಂಡನಿಂದ ತಾನೇ ಕಿತ್ತು, ಆತನನ್ನು ಆತ ಜನ್ಮದಲ್ಲಿ ಹತ್ತದ ವೇದಿಕೆಯ ಮೇಲೆ ನಿಲ್ಲಿಸಿದ್ದಳು. ಆ ದಿನ ಆಕೆ ಒಲೆ ಹಚ್ಚಲಿಲ್ಲ.

ತಪ್ಪಿಗೆ ತಿದ್ದುಪಡಿ ಹಾಕುತ್ತಾರೆ, ನಾನು ಫೋನು ಮಾಡುತ್ತೇನೆ ಎಂದು ಸಂಘಮಿತ್ರಾ ಸಮಾಧಾನ ಮಾಡಿದಳು. ಆಕೆಗಿಂತ ಮೊದಲೇ ಫೋನು ಮಾಡುವವರು ಸಿರುಗುಪ್ಪದಲ್ಲಿ ಬಹಳ ಜನ ಇದ್ದರು. ಎಲ್ಲ ಪಕ್ಷಗಳ ಮುಖಂಡರೂ, ಯಾವತ್ತೂ ಒಂದು ಮಾತಿಗೆ ಬಾರದವರು, ಅಂದು ಒಂದಾದರು. ನಮ್ಮ ಕ್ಷೇತ್ರದಲ್ಲಿ ನಮಗೆ ತಿಳಿಯದ ಹಿರಿಯ ಮುಖಂಡ ಯಾವನು, ನಮ್ಮ ಹಿರಿಯರ ಪಕ್ಕ ಇವನ ಫೋಟೋ ಹೇಗೆ ಬಂತು ಎಂದು ಇಡೀ ದಿನ ಪತ್ರಿಕೆಗೆ ಕೇಳಿದರು. ಮೋರಿ ಕಟ್ಟಿಕೊಂಡರೆ ಆರು ತಿಂಗಳು ತಿರುಗಿ ನೋಡದವರು ಇದಕ್ಕೆ ಆರು ತಾಸು ತಡೆದುಕೊಳ್ಳಲಿಲ್ಲ.

ಜನವರಿ ಎರಡರ ಪತ್ರಿಕೆಯ ಮೂಲೆಯಲ್ಲಿ ತಿದ್ದುಪಡಿ ಬಂತು. ಈ ಸಲ ಹಂಪಮ್ಮ ತಾನೇ ಓದಿದಳು, ಒಂದೊಂದೇ ಅಕ್ಷರ ಕೂಡಿಸಿ. ಸಿರುಗುಪ್ಪ ಕ್ಷೇತ್ರದ ಮುಖಂಡರೆಂದು ಪ್ರಕಟವಾದ ಮಾರೆಣ್ಣ ಎಂಬವರು ಯಾವುದೇ ಪಕ್ಷದ ಮುಖಂಡರಾಗಿರಲಿಲ್ಲ. ಅವರ ಹೆಸರು ಕಣ್ತಪ್ಪಿನಿಂದ ಗಣ್ಯರ ಪಟ್ಟಿಯಲ್ಲಿ ಸೇರಿದೆ. ವಿಷಾದಿಸುತ್ತೇವೆ.

ಆತ ಏನಾಗಿದ್ದ ಎಂಬುದು ಅದರಲ್ಲಿ ಇರಲಿಲ್ಲ. ಏನಾಗಿರಲಿಲ್ಲ ಎಂಬುದು ಮಾತ್ರ ಇತ್ತು. ಸಂಜೆ ಚಹಾದಂಗಡಿಯ ಎರ್ರಿ ಆಕೆಯನ್ನು ಕಂಡು ಲೋಟ ತೊಳೆಯುವುದರಲ್ಲಿ ತಲೆ ತಗ್ಗಿಸಿದ.

ಮರುದಿನ ಮಗಳಿಗೆ ಹೇಳದೆ ಹಂಪಮ್ಮ ಬಳ್ಳಾರಿಯ ಬಸ್ಸು ಹತ್ತಿದಳು. ದೊಡ್ಡಬಸವರಾಜ ಆಕೆಯನ್ನು ನೋಡಿದ ಕೂಡಲೇ ಎದ್ದು ಕುರ್ಚಿ ಸರಿಸಿದ. ಮೂರು ದಿನದಿಂದ ಮಾಲೀಕರ ಬೈಗುಳ ತಿಂದು ಮುಖ ಇಳಿದಿತ್ತು.

‘ನಾನು ಒಮ್ಮಿ ಓದಬೇಕಿತ್ರಿ ಅಮ್ಮ. ಓದಲಿಲ್ಲ. ತಪ್ಪು ನಂದೂ ಐತಿ.’ ಹಳೇ ವರ್ಷದ ಕಟ್ಟು ಬಿಚ್ಚಿ ಆಕೆಯ ಅರ್ಜಿ ತೆಗೆದು ಮುಂದಿಟ್ಟ. ‘ಪ್ರದೀಪ ತನ್ನ ಮನಸಿನಿಂದ ಏನೂ ಸೇರಿಸಿಲ್ರಿ. ಕ್ಷೇತ್ರ ಸಿರುಗುಪ್ಪ, ಮಣ್ಣಿನ ಮಗು, ನಲವತ್ತು ವರ್ಷ ಕೆಲಸ. ಮಗ ಅನ್ನಾಕ ಮಗು ಅಂತ ಬರ್ದಾರ ಅಂತ ತಿದ್ದಿಬಿಟ್ಟ.’

‘ನಾನು ಬರ್ದಿದ್ದು ತಪ್ರಿ. ಅದಕ್ಕಾ ಬಂದೀನಿ. ಈಗ ಸರಿಯಾಗಿ ಬರ್ದು ಕೊಡ್ತೀನಿ. ಆತ ಮುಖಂಡ ಅಲ್ಲ ಅಂತ ಹಾಕೀರಿ, ಬರೋಬ್ಬರಿ ಐತಿ. ಕೂಸು ತೆಗೆದವ ಆತ ಅಂತ ಇನ್ನೊಂದು ಸಾಲು ಹಾಕ್ರಿ.’

ದೊಡ್ಡಬಸವರಾಜ ಪೆನ್ನಿನ ಮುಚ್ಚಳ ಹಾಕಿದ. ‘ತಿದ್ದುಪಡಿಗೆ ತಿದ್ದುಪಡಿ ಹಾಕಂಗಿಲ್ರಿ ಅಮ್ಮ. ಮಾಲೀಕರು ಇನ್ನ ಆ ಹೆಸರಾ ಎತ್ತಬ್ಯಾಡ ಅಂದಾರ. ಅಲ್ಲದ ಪ್ರೊಫೆಸರ್ ಮನಿಯೋರು ಒಪ್ಪಬೇಕಲ್ರಿ.’

‘ಆತು. ಈಗ ಬ್ಯಾಡ. ಬರೋ ಡಿಸೆಂಬರಿಗೆ ಆ ಪುಟದಾಗ ಹಾಕ್ರಿ. ನನ್ನ ಮಗಳ ಕೈಯಾಗ ಬರಿಸಿ ತರ್ತೀನಿ. ನಾನು ಪೆನ್ನು ಮುಟ್ಟಂಗಿಲ್ಲ.’

‘ಅದು ಬರೋ ವರ್ಷ ಸತ್ತೋರ ಪುಟ ಆಗತೈತ್ರಿ ಅಮ್ಮ. ಆಯಾ ವರ್ಷ ಸತ್ತೋರನ್ನ ಆಯಾ ವರ್ಷ ಅಷ್ಟಾ ಹಾಕೋದು.’

ಹಂಪಮ್ಮ ಅರ್ಜಿಯ ಮೇಲಿದ್ದ ತನ್ನ ಅಕ್ಷರಗಳನ್ನೇ ನೋಡುತ್ತಿದ್ದಳು. ತಲೆ ಎತ್ತಿ, ದಾರಿ ಕೇಳುವವಳಂತೆ, ಸಿಟ್ಟಿಲ್ಲದೆ ಕೇಳಿದಳು.

‘ಹಂಗಾರ ಆತ ಇನ್ನೊಮ್ಮಿ ಹೆಂಗ ಸಾಯ್ಬೇಕ್ರಿ ಸಾರ್?’

ದೊಡ್ಡಬಸವರಾಜ ಅರ್ಜಿಯನ್ನು ಹಳೇ ಕಟ್ಟಿನೊಳಗೆ ಸೇರಿಸಿ ದಾರ ಬಿಗಿದು, ಮೇಜಿನ ಮೇಲಿದ್ದ ಹೊಸ ವರ್ಷದ ಫೈಲನ್ನು ಹತ್ತಿರಕ್ಕೆ ಎಳೆದುಕೊಂಡ. ಜನವರಿ ಮೂರನೇ ತಾರೀಖಿಗೇ ಅದರಲ್ಲಿ ಇಬ್ಬರ ಹೆಸರು ಸೇರಿದ್ದವು.